ಒಂದು ದಿನ ಮುಂಚಿನ ಗಂಟೆ

ಬೇಸಿಗೆ ಮುಗಿಯುತ್ತ ಬಂದಿತ್ತು. ಬಾವಿಗಳು ತಳ ಕಂಡಿದ್ದವು, ಬೀದಿಯ ಧೂಳು ಹಿಟ್ಟಿನಷ್ಟು ನುಣ್ಣಗಾಗಿತ್ತು. ಮೊದಲ ಮೋಡಗಳು ದೂರದಲ್ಲಿ ನಿಂತು ಬರಲೋ ಬೇಡವೋ ಎಂದು ಯೋಚಿಸುತ್ತಿದ್ದವು. ಬಿಸಿಲೇರುವ ಮೊದಲೇ ಒಂದಿಷ್ಟು ಕೆಲಸ ಮಾಡಿಕೊಳ್ಳೋಣವೆಂದು ಬಡಗಿ ಚಪ್ಪರದಡಿ ಹಲಗೆಗೆ ಕೀಸುಳಿ ಹಾಕಿದ್ದ. ತಳ್ಳಿದಂತೆಲ್ಲ ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು ಕಾಲ ಮೇಲೆ ಬೀಳುತ್ತಿತ್ತು. ಆ ಹಲಗೆ ಹಿಟ್ಟಿನ ಗಿರಣಿಗೆ ಬಾಗಿಲಾಗಬೇಕಿತ್ತು. ಆಗಬೇಕಿದ್ದದ್ದು ಹೋದ ವರ್ಷ.

“ನನ್ನ ಬಾಗಿಲು ಬದುಕಿದೆಯೋ, ಹೋಯ್ತೋ?” ಎನ್ನುತ್ತ ಗಿರಣಿಯವನೇ ಬಂದು ನಿಂತ. “ಗೋಣಿತಾಟು ಕಟ್ಕೊಂಡು ಎಷ್ಟು ದಿನ ಕೂರ್ಲಿ ಮಾರಾಯ? ನಿನ್ನೆ ಎದುರುಮನೆ ಕರು ನುಗ್ಗಿ ಅರ್ಧ ಡಬ್ಬ ಹಿಟ್ಟು ಮುಕ್ಕಿ ಹೋಯ್ತು. ಮೂತಿ ನೋಡಿದ್ರೆ ಪೌಡರ್ ಬಳ್ಕೊಂಡು ಮದುವೆಗೆ ಹೊರಟ ಹಾಗಿತ್ತು!”

“ನಾಡಿದ್ದು ತಗೊಳ್ಳಣ್ಣ. ನಾಳೆ ಸ್ಕೂಲು ಶುರು. ಅಂಟು ಅತ್ಲಾಗೆ ಹೋದ್ಲು ಅಂದ್ರೆ ಇಡೀ ದಿನ ನಂದೇ.”

“ಹೋದ ವರ್ಷವೂ ಇದೇ ಅಂದಿದ್ದೆ.”

ಬಡಗಿ ಕೀಸುಳಿಯನ್ನು ಇನ್ನಷ್ಟು ಜೋರಾಗಿ ತಳ್ಳಿದ. ಅಂಟು ಎಂದರೆ ಅವನ ಮಗಳು. ಅಪ್ಪನ ಬೆರಳು ಹಿಡಿದರೆ ಬಿಡಿಸಲು ಉಳಿಯೇ ಬೇಕಾಗುತ್ತಿದ್ದುದರಿಂದ ಬೀದಿಯೇ ಇಟ್ಟ ಹೆಸರು ಅದು. ಹೋದ ವರ್ಷ ಒಂದನೇ ಕ್ಲಾಸಿಗೆ ಸೇರಿಸಿದಾಗ ಅವಳು ಬೆರಳು ಬಿಟ್ಟಿರಲಿಲ್ಲ. ಬೆರಳಿನ ಜೊತೆ ಬಡಗಿಯೂ ಒಳಗೆ ಹೋಗಬೇಕಾಯಿತು. ಇಪ್ಪತ್ತಾರು ದಿನ ಹಿಂದಿನ ಬೆಂಚಿನಲ್ಲಿ, ಮೊಣಕಾಲು ಕಿವಿಗೆ ತಾಗುವಂತೆ, ಮಡಚಿಟ್ಟ ಕೊಡೆಯ ಹಾಗೆ ಕೂತಿದ್ದ. ಟೀಚರು ಹಾಜರಿ ಕೂಗುವಾಗ ಅಭ್ಯಾಸಬಲದಿಂದ ಅವನ ಕಡೆಯೂ ನೋಡುತ್ತಿದ್ದರು. ಮಗಳಿಗೆ ಎರಡರ ಮಗ್ಗಿ ಬರುವಷ್ಟರಲ್ಲಿ ಅವನಿಗೆ ಹತ್ತೊಂಬತ್ತರವರೆಗೆ ಬಂದಿತ್ತು. ಹೊರಗೆ ಮಾತ್ರ ಒಪ್ಪಿಕೊಂಡ ಕೆಲಸವೆಲ್ಲ ಹಾಗೇ ಬಿದ್ದು, ಗಿರಾಕಿಗಳು ಬೇರೆ ಬಡಗಿಯ ಬಳಿ ಹೋಗಿದ್ದರು. ಉಳಿದವನು ಗಿರಣಿಯವನೊಬ್ಬ; ಆಮೇಲೆ ಹೊಟ್ಟೆಪಾಡಿಗೆ ಪೇಟೆಯಲ್ಲಿ ಕೂಲಿಗೆ ಹೋಗುತ್ತ ಅವನ ಬಾಗಿಲೂ ಹಾಗೇ ಉಳಿದಿತ್ತು.

ಈ ವರ್ಷ ಮತ್ತೆ ಕೂತರೆ ಅವನೂ ಹೋಗುತ್ತಾನೆ. ಅಂಟು ಈಗ ಎರಡನೇ ಕ್ಲಾಸು, ನಿಜ. ಆದರೆ ಎರಡು ತಿಂಗಳ ರಜೆಯಲ್ಲಿ ಕಲಿತದ್ದೆಲ್ಲ ಕರಗಿತ್ತು. ಏಳುವುದು ಒಂಬತ್ತಕ್ಕೆ, ಊಟ ಗೋಡೆಯ ಮೇಲೆ, ನಿದ್ದೆ ಬಿದ್ದಲ್ಲಿ.

ಗಿರಣಿಯವನು ಗೊಣಗುತ್ತ ಹೋದ ಮೇಲೆ ಬಡಗಿ ಚೌಕಟ್ಟಿನ ಮೂಲೆಗಳನ್ನು ಅಂಟಿಲ್ಲದೆ ಬರಿದೇ ಜೋಡಿಸಿ ನೋಡಿದ. ಬಿಗಿಯಾಗಿ ಕೂತಿತು. ಬಿಚ್ಚಿದ. ಅಂಟು ಹಚ್ಚುವ ಮುಂಚೆ ಒಮ್ಮೆ ಒಣದಾಗಿ ಜೋಡಿಸಿ ನೋಡದ ಬಡಗಿ ಬಡಗಿಯೇ ಅಲ್ಲ. ಅವನ ಕೈ ಅಲ್ಲೇ ನಿಂತಿತು.

“ಏ, ಇಲ್ನೋಡೇ!” ಎಂದು ಒಳಗೆ ಓಡಿದ.

ಹೆಂಡತಿ ಹೊಲಿಗೆ ಯಂತ್ರದ ಮುಂದೆ ನೀಲಿ ಬಟ್ಟೆಯ ಗುಡ್ಡದಲ್ಲಿ ಹೂತುಹೋಗಿದ್ದಳು. ಬೀದಿಯ ಮಕ್ಕಳ ಸ್ಕೂಲು ಅಂಗಿಯೆಲ್ಲ ಅವಳದೇ ಜವಾಬ್ದಾರಿ. ಬಾಯಲ್ಲಿ ಗುಂಡುಸೂಜಿ.

“ನಾಳೆ ಮಾಡೋದನ್ನ ಇವತ್ತೇ ಒಂದ್ಸಲ ಮಾಡಿ ನೋಡ್ಬಿಡೋಣ ಕಣೇ. ಏಳ್ಸೋದು, ಸ್ನಾನ, ಅಂಗಿ, ಚೀಲ, ಗೇಟು ಮುಟ್ಟಿ ವಾಪಸ್ಸು. ಒಣ ಜೋಡಣೆ! ನಾಳೆ ಸಲೀಸಾಗಿ ಕೂತ್ಕೊಳ್ಳುತ್ತೆ.”

“ಏನಾದ್ರೂ ಮಾಡ್ಕೊಳ್ಳಿ ಮಾರಾಯ್ರೆ, ಈ ಕಡೆ ಮಾತ್ರ ಬರ್ಬೇಡಿ,” ಎಂದಳು ಸೂಜಿಗಳ ಸಂದಿನಿಂದ.

ಏಳಿಸುವುದೂ ಸ್ಕೂಲಿನ ಹಾಗೇ ಆಗಲೆಂದು ಬಡಗಿ ಒಂದು ಕಬ್ಬಿಣದ ಪಟ್ಟಿಯನ್ನು ಚಪ್ಪರಕ್ಕೆ ತೂಗುಹಾಕಿ ಸುತ್ತಿಗೆಯಿಂದ ಬಾರಿಸಿದ. ಢಣ್! ಢಣ್! ಢಣ್! ಅಂಟು ಹಾಸಿಗೆಯಿಂದ ಕಪ್ಪೆಯಂತೆ ನೆಗೆದಳು. ಅವಳೊಬ್ಬಳೇ ನೆಗೆದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಎದುರುಮನೆಯ ಹಾಲಿನಮ್ಮ ಕೊಡಪಾನ ಹಿಡಿದು ಹೊರಬಂದಳು. ನೋಡಿದರೆ ಅಂಟು ಅಂಗಿ ತೊಟ್ಟು, ಚೀಲ ಏರಿಸಿ, ಅಪ್ಪನ ಬೆರಳು ಹಿಡಿದು ಹೊರಟಿದ್ದಾಳೆ.

“ಅಯ್ಯಯ್ಯೋ! ಸ್ಕೂಲು ಇವತ್ತೇನಾ?”

“ಇಲ್ಲಮ್ಮ, ನಾಳೆ. ಇದು ಸುಮ್ನೆ…”

“ಸುಮ್ನೆ ಯಾರಾದ್ರೂ ಗಂಟೆ ಹೊಡೀತಾರಾ? ಲೇ ಮಗಾ, ಏಳೋ! ಗಂಟೆ ಆಯ್ತು!”

ಆ ಕೂಗು ಒಣಹುಲ್ಲಿಗೆ ಬಿದ್ದ ಕಿಡಿಯಂತೆ ಮನೆಯಿಂದ ಮನೆಗೆ ಹಾರಿತು. ಕ್ಷೌರದವನು ಗಿರಾಕಿಯ ಅರ್ಧ ಕೆನ್ನೆಗೆ ನೊರೆ ಬಿಟ್ಟು ಮಗನನ್ನು ಹುಡುಕಲು ಓಡಿದ. ತಾಯಂದಿರೆಲ್ಲ ಬಡಗಿಯ ಹೆಂಡತಿಯ ಮೇಲೆ ಮುಗಿಬಿದ್ದು, ಒಂದು ತೋಳಿನದೋ, ಗುಂಡಿಯಿಲ್ಲದ್ದೋ, ಕೈಗೆ ಸಿಕ್ಕ ಅಂಗಿ ಕಿತ್ತುಕೊಂಡು ಹೋದರು. ತಾರೀಖು ಬಲ್ಲ ದೊಡ್ಡ ಮಕ್ಕಳು ಹಿತ್ತಿಲ ಗೋಡೆ ಹಾರಿ ಪರಾರಿಯಾದರು. ಸಿಕ್ಕಿಬಿದ್ದವರು ಈ ವರ್ಷ ಹೊಸದಾಗಿ ಒಂದನೇ ಕ್ಲಾಸಿಗೆ ಸೇರಬೇಕಿದ್ದ ಚಿಳ್ಳೆಪಿಳ್ಳೆಗಳು.

ಸ್ಕೂಲಿನ ಗೇಟಿನ ಬಳಿ ಬಡಗಿ ತಿರುಗಿ ನೋಡಿದಾಗ ಹಿಂದೆ ಹೆತ್ತವರು ಎಳೆದು ತಂದ ಹತ್ತೊಂಬತ್ತು ಮಕ್ಕಳ ಮೆರವಣಿಗೆ. ಹತ್ತೊಂಬತ್ತೂ ಅಳುತ್ತಿದ್ದವು.

“ಸ್ಕೂಲಿಲ್ಲ! ವಾಪಸ್ ಕರ್ಕೊಂಡು ಹೋಗಿ!” ಎಂದು ಕೂಗಿಕೊಂಡ.

“ನೀನಿದ್ದೀಯಲ್ಲಪ್ಪ, ಹೋದ ವರ್ಷದಿಂದ ಒಳಗಿನೋನು,” ಎಂದಳು ಹಾಲಿನಮ್ಮ. ಎರಡು ತಿಂಗಳು ಮಕ್ಕಳ ಕೈಯಲ್ಲಿ ಹಣ್ಣಾಗಿದ್ದ ಹೆತ್ತವರಿಗೆ ಅಷ್ಟೇ ಸಾಕಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಬೀದಿ ಖಾಲಿ. ಗಿರಣಿಯವನು ತನ್ನ ಕಿರಿಮಗಳನ್ನು ಬಡಗಿಯ ಕಂಕುಳಿಗೇ ತುರುಕಿ, “ಬಾಗಿಲು ಮರೀಬೇಡ!” ಎನ್ನುತ್ತ ಓಡಿದ.

ಒಳಗೆ ಜವಾನನೊಬ್ಬನೇ ಜಗಲಿಯ ಗೋಡೆಗೆ ಸುಣ್ಣ ಬಳಿದು ಮುಗಿಸಿ ಕೂತಿದ್ದ. “ಹೆಡ್ ಮೇಡಮ್ಮು ಪುಸ್ತಕ ತರೋಕೆ ಪೇಟೆಗೆ ಹೋಗಿದ್ದಾರೆ. ಇದೇನಿದು ಜಾತ್ರೆ?” ಎಂದ. ಅಳುವಿನ ಅಬ್ಬರಕ್ಕೆ ಸೂರಿನ ಪಾರಿವಾಳಗಳು ಎದ್ದುಹೋದವು.

“ಯಾಕ್ರೋ ಅಳ್ತೀರ?” ಎಂದಳು ಅಂಟು ಸೊಂಟಕ್ಕೆ ಕೈಯಿಟ್ಟು. “ನಮ್ಮಪ್ಪ ಇಷ್ಟು ದೊಡ್ಡೋನಾಗಿ ಒಂದ್ನೇ ಕ್ಲಾಸಲ್ಲಿ ಕೂತಿದ್ದ. ಒಂದಿನಾನೂ ಅಳ್ಲಿಲ್ಲ. ಅಪ್ಪಾ, ಅಳತೆ ಪಟ್ಟಿ ತೆಗಿ.”

ಬೇರೆ ಏನೂ ತೋಚದೆ ಬಡಗಿ ಜೇಬಿನಿಂದ ಮಡಚುವ ಪಟ್ಟಿ ತೆಗೆದ. ಅದು ಪಟಪಟ ಬಿಚ್ಚಿಕೊಂಡಾಗ ನಾಲ್ಕು ಬಾಯಿ ಮುಚ್ಚಿದವು. ಗಿರಣಿಯವನ ಮಗಳನ್ನು ಗೋಡೆಗೆ ನಿಲ್ಲಿಸಿ, ಕಿವಿಯಲ್ಲಿದ್ದ ಪೆನ್ಸಿಲಿನಿಂದ ನೆತ್ತಿಯ ಮೇಲೆ ಗೆರೆ ಎಳೆದು, “ಮೂರಡಿ ನಾಲ್ಕಿಂಚು!” ಎಂದು ಸಾರಿದ. ಇನ್ನು ಕೇಳಬೇಕೆ? “ನಂದು ಮಾಮ! ನಂದು ಮಾಮ!” ಎಂದು ನೂಕುನುಗ್ಗಲು. ಗೋಡೆ ತುಂಬಾ ಗೆರೆ. ಆಮೇಲೆ ಬೆಂಚು ಅಳೆದರು, ಗಂಟೆ ಅಳೆದರು, ಮಲಗಿದ್ದ ನಾಯಿಯನ್ನು ಮೂತಿಯಿಂದ ಬಾಲದವರೆಗೆ ಅಳೆದರು, ಅದು ಎದ್ದು ಓಡಿತು. ಜವಾನನನ್ನು ಕಂಬಕ್ಕೆ ಒತ್ತಿ ಹಿಡಿದು ಮೀಸೆ ಅಳೆದರು.

“ನಾಲ್ಕೂವರೆ ಇಂಚು!”

“ಸರಿಯಾಗಿ ನೋಡ್ರೋ, ಐದಿದೆ,” ಎಂದ ಜವಾನ.

ಆ ಹೊತ್ತಿಗೆ ಬಾಗಿಲಲ್ಲಿ ಪುಸ್ತಕದ ಕಟ್ಟು ಹಿಡಿದು ಹೆಡ್ ಮೇಡಮ್ ನಿಂತಿದ್ದರು. ಹೊಸ ಸುಣ್ಣದ ಮೇಲಿನ ಗೆರೆಗಳನ್ನು ನೋಡಿದರು, ಬಡಗಿಯನ್ನು ನೋಡಿದರು, ಮಕ್ಕಳನ್ನು ಒಂದೊಂದಾಗಿ ನೋಡಿದರು.

“ಯಾರೂ ಅಳ್ತಿಲ್ಲ,” ಎಂದರು ಮೆಲ್ಲಗೆ.

“ತಪ್ಪಾಯ್ತು ಮೇಡಂ. ಗೋಡೆ ನಾನೇ ಬಳಿದು ಕೊಡ್ತೀನಿ.”

“ಇರ್ಲಿ, ಇರ್ಲಿ,” ಎಂದು ಅವರು ನಕ್ಕ ನಗು ಬಡಗಿಗೆ ಯಾಕೋ ಹಿಡಿಸಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಸಂಜೆ ಒಂದೊಂದೇ ಮಗುವನ್ನು ಮನೆ ಮುಟ್ಟಿಸಿ ಬರುವಷ್ಟರಲ್ಲಿ ದಿನ ಮುಗಿದಿತ್ತು. ಹೆಂಡತಿ ಮಾತು ಬಿಟ್ಟಿದ್ದಳು. ಹಲಗೆ ಇಟ್ಟಲ್ಲೇ ಇತ್ತು. ಆದರೂ ಒಣ ಜೋಡಣೆಯಂತೂ ಆಯಿತಲ್ಲ ಎಂದು ಬಡಗಿಗೆ ಸಮಾಧಾನವಿತ್ತು.

ಮರುದಿನ ಅಂಟು ತಾನಾಗಿ ಎದ್ದಳು. ಗೇಟಿನ ಬಳಿ ಬೆರಳನ್ನು ತಾನೇ ಬಿಟ್ಟು, ಹಿಂದಿರುಗಿಯೂ ನೋಡದೆ ಎರಡನೇ ಕ್ಲಾಸಿಗೆ ನಡೆದಳು. ಮರದ ಒಂದು ಎಳೆಯೂ ಸೀಳದೆ ಬಿಟ್ಟುಕೊಂಡ ಜೋಡಣೆ! ಬಡಗಿ ಬರಿದಾದ ಬೆರಳನ್ನೊಮ್ಮೆ ನೋಡಿಕೊಂಡ. ಸ್ವಲ್ಪ ಚುರುಕ್ ಎಂದಿತು. ಆಮೇಲೆ ಬಾಗಿಲಿನ ನೆನಪಾಗಿ ಸರಸರ ಹೊರಟ.

ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಹತ್ತೊಂಬತ್ತು ಗಂಟಲು ಒಟ್ಟಿಗೆ ಒಡೆದವು: “ಅಳತೆ ಮಾಮ ಎಲ್ಲೀ?”

ಹೆಚ್ಚಿನವರು ಗೇಟಿನ ಒಂದೊಂದು ಸರಳು ಹಿಡಿದಿದ್ದರು. ಹೊಸ ಟೀಚರು ಎಳೆದು ಸುಸ್ತಾಗಿದ್ದರು. ಹೆಡ್ ಮೇಡಮ್ ನಿನ್ನೆಯ ಅದೇ ನಗು ಹೊತ್ತು ಬಂದರು. “ಬೆಂಚು ಒರೆಸಿಟ್ಟಿದೆ. ನಿಮ್ಮದೇ, ಹಿಂದಿನದು.”

“ಮೇಡಂ, ನನ್ನ ಮಗಳೇ ಒಂದನೇ ಕ್ಲಾಸಲ್ಲಿಲ್ಲ!”

ಯಾರೋ ಅವನ ತೋಳು ಹಿಡಿದರು. ಗಿರಣಿಯವನು. ಅವನ ಕಿರಿಮಗಳು ಅವನ ಕಾಲಿಗೆ ಸುತ್ತಿಕೊಂಡು ಬೊಬ್ಬೆ ಹೊಡೆಯುತ್ತಿದ್ದಳು.

“ಅಣ್ಣಾ, ನಿನ್ನ ದಮ್ಮಯ್ಯ, ಒಳಗೆ ಹೋಗಿ ಕೂತ್ಕೋ. ಇವಳನ್ನ ಕಟ್ಕೊಂಡು ನಾನು ಗಿರಣಿ ಹ್ಯಾಗೆ ನಡೆಸ್ಲಿ?”

“ಬಾಗಿಲು?”

“ಗೋಣಿತಾಟಿಗೇನಾಗಿದೆ? ಗಾಳಿ ಚೆನ್ನಾಗಿ ಬರುತ್ತೆ!”

“ಎಷ್ಟು ದಿನ ಮೇಡಂ?” ಎಂದ ಬಡಗಿ ಸೋತ ದನಿಯಲ್ಲಿ.

“ಹೋದ ವರ್ಷ ಒಂದು ಮಗುವಿಗೆ ಇಪ್ಪತ್ತಾರು ದಿನ. ಈಗ ಹತ್ತೊಂಬತ್ತು. ನಿಮಗೆ ಮಗ್ಗಿ ಬರುತ್ತಲ್ಲ, ನೀವೇ ನೋಡ್ಕೊಳ್ಳಿ.”

ಮೊಣಕಾಲು ಕಿವಿಗೆ ತಾಗಿಸಿ ಕೂತು ಬಡಗಿ ಮನಸ್ಸಿನಲ್ಲೇ ಗುಣಿಸುತ್ತಿದ್ದಾಗ ಕಿಟಕಿಯಲ್ಲಿ ಅಂಟುವಿನ ಮುಖ ಕಂಡಿತು.

“ಅಪ್ಪಾ, ಹೆದರ್ಕೋಬೇಡ,” ಎಂದಳು ಪಿಸುದನಿಯಲ್ಲಿ. “ಸಂಜೆ ನಾನೇ ಬಂದು ಕರ್ಕೊಂಡು ಹೋಗ್ತೀನಿ.”

ಅವಳ ತಲೆಯ ಆಚೆ, ಬೀದಿಯ ತುದಿಯಲ್ಲಿ, ಗಿರಣಿಯ ಗೋಣಿತಾಟು ಗಾಳಿಗೆ ಎದ್ದಿತು. ಅದರಡಿಯಿಂದ ಬೆಳ್ಳನೆಯ ಮೂತಿಯೊಂದು ನಿಧಾನವಾಗಿ ಹೊರಗೆ ಬಂತು.