ಪಿಯಾನೊ ಪುಸ್ತಕದ ಹಾಳೆ ಮಗುಚಿದ್ದು

ಮಾನ ಹೋಗುವುದಾದರೆ ಮನೆಯೊಳಗೇ ಹೋಗಬೇಕು. ಹೆಂಡತಿ ನಾಲ್ಕು ದಿನ ನಕ್ಕು, ನೆಂಟರು ಬಂದ ಕೂಡಲೇ ಮರೆತುಬಿಡುತ್ತಾಳೆ. ನನ್ನದು ಹೋದದ್ದು ತುಂಬಿದ ಸಭೆಯಲ್ಲಿ, ವೇದಿಕೆಯ ಮೇಲೆ, ಅದೂ ಮದುವೆಯಲ್ಲಿ ಹೊಲಿಸಿದ ಕೋಟು ತೊಟ್ಟಿದ್ದಾಗ.

ಆಗ ನಾವು ಮದರಾಸಿನ ಪೆರಂಬೂರಿನಲ್ಲಿದ್ದೆವು. ನಾನು ಪ್ಯಾರೀಸ್ ಕಾರ್ನರಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಪಕ್ಕದ ಬೀದಿಯ ಮಿಸ್ ಗ್ರೇಸ್ ಎಂಬ ಆಂಗ್ಲೋ-ಇಂಡಿಯನ್ ವೃದ್ಧೆ ತಮ್ಮ ಆಯುಷ್ಯವನ್ನೆಲ್ಲ ಪಿಯಾನೊ ಮುಂದೆ ಕಳೆದವರು. ಸುತ್ತಲಿನ ಮಕ್ಕಳಿಗೆಲ್ಲ ಕಲಿಸುತ್ತಿದ್ದರು. ನನ್ನ ಮಗಳು ಪದ್ಮಳಿಗೂ. ವೀಣೆ ಬಿಟ್ಟು ಬೇರೆ ನಾದ ಒಪ್ಪದ ನನ್ನ ತಾಯಿ, "ಇದೇನೋ, ಟೈಪು ಹೊಡೆಯೋ ಸಂಗೀತ!" ಎಂದು ಮೂಗು ಮುರಿದಿದ್ದರು.

ವರ್ಷಕ್ಕೊಮ್ಮೆ ಬಡಾವಣೆಯವರೆಲ್ಲ ಸೇರಿ ಆ ಮಕ್ಕಳ ಸಂಗೀತ ಕಚೇರಿ ಏರ್ಪಡಿಸುತ್ತಿದ್ದರು. ಪದ್ಮ ಅಂದು ಮೊದಲ ಸಲ ವೇದಿಕೆ ಹತ್ತಿದ್ದಳು. ಚೆನ್ನಾಗಿಯೇ ತೊಡಗಿದಳು. ನಡುವೆ ಒಂದು ಸ್ವರ ತಪ್ಪಿತು, ಬೆರಳು ನಿಂತವು. ಸಭೆ ಕಾದು ಕುಳಿತಿತ್ತು. ಮಗು ದಡಕ್ಕನೆ ಎದ್ದು ಪರದೆಯ ಹಿಂದೆ ಓಡಿತು. ನಾನೂ ಓಡಿದೆ. "ಇನಿಮೇಲ್ ವಾಸಿಕ್ಕಮಾಟ್ಟೇನ್ಪಾ," ಎಂದು ಬಿಕ್ಕಿದಳು. ಇನ್ನು ಮೇಲೆ ನುಡಿಸುವುದೇ ಇಲ್ಲವಂತೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ಅಳುವನ್ನೂ ಅದೇ ಭಾಷೆಯಲ್ಲಿ ಅತ್ತಳು.

ಮುಂದೆ ಮಿಸ್ ಗ್ರೇಸ್ ಅವರೇ ನುಡಿಸಬೇಕಿತ್ತು. ಅವರಿಗೆ ಸ್ವರ ಬರೆದ ಪುಸ್ತಕದ ಹಾಳೆ ಮಗುಚಿಕೊಡುವ ಗೆಳತಿಗೆ ಜ್ವರ. "ಮಿಸ್ಟರ್ ರಾವ್, ನೀವು ಬನ್ನಿ. ನಾನು ತಲೆ ಆಡಿಸಿದಾಗ ಒಂದು ಹಾಳೆ ಮಗುಚಿ, ಸಾಕು," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕಚೇರಿಯಲ್ಲಿ ದಿನವಿಡೀ ನಾನು ಮಾಡುವುದು ಅದನ್ನೇ ತಾನೇ? ಅಪ್ಪನನ್ನು ನೋಡಿಯಾದರೂ ಮಗಳಿಗೆ ಧೈರ್ಯ ಬರಲಿ ಎಂದು ಕೋಟಿನ ಗುಂಡಿ ಹಾಕಿಕೊಂಡು ಹೋದೆ.

ಅವರು ನುಡಿಸತೊಡಗಿದರು. ತಲೆ ಆಡಿತು, ಮಗುಚಿದೆ. ಮತ್ತೆ ಆಡಿತು, ಮಗುಚಿದೆ. ರಾಗಕ್ಕೆ ತಲೆದೂಗುವುದು ಆ ಮಹಾತಾಯಿಯ ಅಭ್ಯಾಸವೆಂದು ನನಗೆ ಯಾರು ಹೇಳಿದ್ದರು? ಅವರು ತನ್ಮಯರಾದಷ್ಟೂ ನನ್ನ ಕೈಗೆ ಬಿಡುವಿಲ್ಲ. ಅವರು ಕಣ್ಣಲ್ಲೇ ಬೇಡವೆಂದದ್ದನ್ನು ನಾನು ಬೇಗ ಬೇಗ ಎಂದು ಅರ್ಥಮಾಡಿಕೊಂಡೆ. ನೋಡುನೋಡುತ್ತ ಪುಸ್ತಕವೇ ಮುಗಿದು ಹಿಂದಿನ ರಟ್ಟು ಬಂತು. ಮುಂದಿನ ಸಾಲಿನವರು ಕರವಸ್ತ್ರ ಬಾಯಿಗೆ ಒತ್ತಿಕೊಂಡು ಅಲುಗಾಡುತ್ತಿದ್ದರು. ನನ್ನ ಕಿವಿ ಕೆಂಡವಾಯಿತು. ಇಳಿದು ಹೋಗಲೂ ಆಗದೆ ರಟ್ಟನ್ನು ಹಿಡಿದು ನಿಂತೆ.

ಮಿಸ್ ಗ್ರೇಸ್ ಕಣ್ಣು ಮುಚ್ಚಿಕೊಂಡರು. ಅಲ್ಲಲ್ಲಿ ಎಡವಿದ್ದು ನನ್ನಂಥ ದಡ್ಡನಿಗೂ ತಿಳಿಯಿತು. ಆದರೆ ಕೈ ನಿಲ್ಲಲಿಲ್ಲ. ಕೊನೆಯವರೆಗೂ ನುಡಿಸಿ, ಚಪ್ಪಾಳೆ ತಗ್ಗುವ ಮೊದಲೇ ಮಕ್ಕಳನ್ನೆಲ್ಲ ಹತ್ತಿರ ಕರೆದರು.

"ನೋಡಿದಿರಾ? ನನ್ನ ಪುಸ್ತಕ ಓಡಿಹೋಯಿತು. ಎಷ್ಟೋ ಕಡೆ ತಪ್ಪಿದೆ. ತಪ್ಪಿದ ಸ್ವರದ ಹಿಂದೆ ಹೋಗಬೇಡಿ ಮಕ್ಕಳೇ, ಅದು ಆಗಲೇ ಹೋಯಿತು. ಮುಂದಿನದು ನಿಮಗಾಗಿ ಕಾಯುತ್ತಿರುತ್ತದೆ."

ಪರದೆ ಅಲುಗಿತು. ಪದ್ಮ ಮುಖ ಒರೆಸಿಕೊಳ್ಳುತ್ತ ಬಂದು ಕುಳಿತಳು. ಅದೇ ಜಾಗದಲ್ಲಿ ಮತ್ತೆ ತಪ್ಪಿದಳು, ತುಟಿ ಕಚ್ಚಿಕೊಂಡು ಮುಂದೆ ಹೋದಳು, ಮುಗಿಸಿಯೇ ಎದ್ದಳು. ನನ್ನ ಕಣ್ಣು ತುಂಬಿತು. ಅದರಲ್ಲಿ ಸಂತೋಷವೆಷ್ಟು, ನಾಚಿಕೆಯೆಷ್ಟು ಎಂದು ಈಗಲೂ ಬೇರ್ಪಡಿಸಲಾರೆ.

ಹೊರಗೆ ಬಂದಾಗ ಬ್ಯಾಂಕಿನಲ್ಲಿದ್ದ ನಮ್ಮ ಕನ್ನಡದವರೇ ಒಬ್ಬರು ನನ್ನ ಕೈ ಕುಲುಕಿದರು. "ಭೇಷ್ ರಾಯರೇ! ಮಕ್ಕಳಿಗೆ ಪಾಠ ಆಗಲೀಂತ ನೀವು ಬೇಕೂಂತಲೇ ಹಾಗೆ ಮಾಡಿದಿರಿ, ಅಲ್ವೇ?"

ನಾನು ವಿನಯದಿಂದ ನಕ್ಕೆ. ಹೋದ ಮಾನ ಅರ್ಧದಷ್ಟಾದರೂ ಮರಳಿ ಬರುವ ಹಾಗಿತ್ತು. ಅಷ್ಟರಲ್ಲಿ ನನ್ನ ಬೆರಳು ಹಿಡಿದಿದ್ದ ಪದ್ಮ, ಹುಟ್ಟಿದಾಗಿನಿಂದ ಆಡದಷ್ಟು ಸ್ವಚ್ಛವಾದ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಇಲ್ಲ ಮಾಮಾ, ಅಪ್ಪನಿಗೆ ನಿಜವಾಗಿಯೂ ಏನೂ ಬರೋದಿಲ್ಲ."