ಮಾವನ ಹಳದಿ ಎಲೆ

ನಮ್ಮ ಮಾವನಿಗೆ ಹುಚ್ಚು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹುಚ್ಚು ಹಿಡಿಯಬೇಕಾದರೆ ಮನುಷ್ಯನ ತಲೆಯಲ್ಲಿ ಸ್ವಲ್ಪ ಜಾಗವಾದರೂ ಖಾಲಿ ಇರಬೇಕಲ್ಲ? ಅವನ ತಲೆಯಲ್ಲಿ ತುಂಬಿದ್ದದ್ದು ಪೂರ್ತಿ ಸಾರಜನಕ!

ಅಮ್ಮನ ಕೊನೆಯ ತಮ್ಮ ಅವನು. ಮದುವೆಯಾಗಲಿಲ್ಲ. ಘಟ್ಟದ ಮೇಲೆ ಯಾವುದೋ ಸರಕಾರಿ ಪ್ರಯೋಗಶಾಲೆಯಲ್ಲಿ ಭತ್ತದ ಎಲೆಗಳನ್ನು ಆಸಿಡ್‌ನಲ್ಲಿ ಕುದಿಸಿ ಸಾರಜನಕ ಅಳೆಯುವುದೇ ಅವನ ಜೀವಮಾನದ ಉದ್ಯೋಗ. ನಿವೃತ್ತನಾದ ಮೇಲೆ ಹಳದೀಪುರದ ಮನೆಗೆ ಬಂದು, ತನ್ನ ಪಾಲಿನ ಒಂದು ಗದ್ದೆಯನ್ನು ತಾನೇ ಬೇಸಾಯ ಮಾಡತೊಡಗಿದ. ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ತೊವ್ವೆಯಲ್ಲಿರುವ ಪ್ರೋಟೀನು ಮೊದಲು ಗಿಡದ ಎಲೆಯಲ್ಲಿ ಹೇಗಿತ್ತು, ಅಲ್ಲಿಂದ ಕಾಳಿಗೆ ಹೇಗೆ ಪ್ರಯಾಣ ಮಾಡಿತು ಎಂದು ಪಕ್ಕದವರಿಗೆ ವಿವರಿಸುವನು. ಎರಡನೇ ಸಲ ಅನ್ನ ಬರುವ ಹೊತ್ತಿಗೆ ಪಕ್ಕದವರು ಎಲೆ ಮಡಚಿ ಎದ್ದಿರುತ್ತಿದ್ದರು. ಮಾವ ಮಾತ್ರ ನಿಧಾನಕ್ಕೆ ಊಟ ಮುಗಿಸುವನು.

ನಾನು ಹೇಳುವುದು ಅರವತ್ತರ ದಶಕದ ನಡುವಿನ ಒಂದು ವರ್ಷದ ಕತೆ. ಯಾವ ವರ್ಷ? ನಾನು ಆಗ ಬರೆಯುತ್ತಿದ್ದ ಡೈರಿಯ ರಟ್ಟು ಹರಿದುಹೋಗಿದೆ. ನನ್ನ ನೆನಪನ್ನಂತೂ ನಂಬಬೇಡಿ, ಅದಕ್ಕೆ ನನ್ನ ಮರ್ಯಾದೆ ಕಾಯುವ ಕೆಟ್ಟ ಚಾಳಿಯಿದೆ.

ಸರಕಾರಿ ಗೊಬ್ಬರ ಊರಿಗೆ ಹೊಸದಾಗಿ ಬಂದ ಕಾಲ. ಎಲ್ಲರೂ ಅದನ್ನು ಬೊಗಸೆ ಬೊಗಸೆ ಬೀರಿದರು. ಮಾವನಿಗೆ ಅದು ಕಣ್ಣೆದುರಿನ ಅನಾಹುತ. ಬೀರಿದ್ದರಲ್ಲಿ ಅರ್ಧ ನೀರಿಗೆ, ಗಾಳಿಗೆ ಹೋಗುತ್ತದೆ, ಗಿಡಕ್ಕೆ ಸಿಗುವುದಿಲ್ಲ ಎಂದು ಅವನ ವಾದ. ಅದಕ್ಕೆ ಗೊಬ್ಬರವನ್ನು ಜೇಡಿಮಣ್ಣಿನೊಳಗೆ ಇಟ್ಟು ಉಂಡೆ ಕಟ್ಟಿ, ಬುಡದ ಹತ್ತಿರ ಕೆಸರಿನಲ್ಲಿ ಹುಗಿಯಲು ಹೊರಟ. ಚೌತಿಯ ಮುಂಚಿನ ದಿನಗಳು. ಜಗಲಿಯ ತುಂಬ ಗೆರಸಿಗಳಲ್ಲಿ ಉಂಡೆ ಆರುತ್ತಿದ್ದವು. ಆಚೆಮನೆಯ ಬಾಯಮ್ಮ ಬೇಲಿಯಿಂದ ನೋಡಿದವಳು, ಒಂಟಿ ಗಂಡಸು ಹಬ್ಬಕ್ಕೆ ತಾನೇ ಉಂಡೆ ಕಟ್ಟುತ್ತಿದ್ದಾನಲ್ಲ ಎಂದು ಕಣ್ಣೊರೆಸಿಕೊಂಡು ಒಂದು ಅಚ್ಚು ಬೆಲ್ಲ, ಎರಡು ಕಾಯಿ ಕಳಿಸಿದಳಂತೆ. ಮಾವ ಕಾಯಿ ಇಟ್ಟುಕೊಂಡು ಬೆಲ್ಲ ವಾಪಸು ಕಳಿಸಿದ: ಅದರಲ್ಲಿ ಸಾರಜನಕ ಇಲ್ಲ!

ತೆನೆ ಬಂದಾಗ ಊರಿನ ಗದ್ದೆಗಳೆಲ್ಲ ಪಾಚಿಯ ಹಾಗೆ ಕಡುಹಸಿರು. ಮಾವನ ಗದ್ದೆ ಮಾತ್ರ ಕೆಳಗಿನಿಂದ ಹಳದಿಯಾಗತೊಡಗಿತು. ದಾರಿಯಲ್ಲಿ ಹೋಗುವ ಗೌಡ ನಿಂತು, "ಒಡೆಯಾ, ನಿಮ್ಮ ಗದ್ದಿಗೆ ಕಾಮಾಲೆ ಬಂದದೆ. ನಾಟಿ ಔಷಧಿ ಹಾಕ್ಸೂದೋ, ಕುಮಟೆ ಡಾಕ್ಟ್ರಿಗೆ ತೋರ್ಸೂದೋ?" ಎಂದು ಕೇಳಿದ್ದು ಹೊನ್ನಾವರದವರೆಗೂ ಹಬ್ಬಿತು.

ಆಗ ಶುರುವಾದವು ಮಾವನ ಅಂಚೆ ಕಾರ್ಡುಗಳು. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಕುಮಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಾವನ ಪಾಲಿಗೆ, ವಿಷಯ ತಿಳಿಯಬಲ್ಲ ಜೀವ ಜಗತ್ತಿನಲ್ಲಿ ನಾನೊಬ್ಬನೇ. ವಾರಕ್ಕೊಂದು ಕಾರ್ಡು: ಎಲೆ ತನ್ನ ಪ್ರೋಟೀನನ್ನು ತಾನೇ ಬಿಚ್ಚಿ ಕಾಳಿಗೆ ಕಳಿಸುತ್ತಿದೆ, ಈ ಭಾನುವಾರ ಬಂದರೆ ಕಣ್ಣಿಂದ ನೋಡಬಹುದು, ಒಂದು ಸಲ ಬಾ. ಒಂದು ಕಾರ್ಡಿನ ಮೂಲೆಯಲ್ಲಿ ಹೀಗಿತ್ತು: "ಎಲೆ ಸಾಯ್ತಾ ಇಲ್ಲೆ. ಮನೆ ಖಾಲಿ ಮಾಡ್ತಾ ಇದ್ದು."

ನಾನದನ್ನು ಮಾಸ್ತರರ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆನೆ? ಇಲ್ಲ ಎಂದು ನೆನಪು. ಆದರೆ ಓದಿದವನು ನಾನೇ ತಾನೆ? ಆ ಭಾನುವಾರದ ಡೈರಿಯಲ್ಲಿ "ಮೈ ಸರಿಯಿಲ್ಲ" ಎಂದು ಬರೆದಿದ್ದೇನೆ. ಗೆಳೆಯರೊಂದಿಗೆ ಮಿರ್ಜಾನಕ್ಕೆ ಹೋಗಿ ಏಡಿ ಹಿಡಿಯುವುದನ್ನು ನೋಡಿದ ನೆನಪೂ ಇದೆ. ಹಳದೀಪುರಕ್ಕೆ ಬಸ್ಸಿರಲಿಲ್ಲವೇ ಎನ್ನುತ್ತೀರಾ? ನಮ್ಮ ಶಾಲೆಯ ಎದುರಿಂದಲೇ ಹೋಗುತ್ತಿತ್ತು!

ಕೊಯ್ಲಿನ ಮೊದಲು ಎರಡು ದಿನ ಜೋರು ಗಾಳಿಮಳೆ. ಕಡುಹಸಿರಿನ ಗದ್ದೆಗಳೆಲ್ಲ ಚಾಪೆ ಹಾಸಿದ ಹಾಗೆ ಮಲಗಿದವು. ಮಾವನ ಹಳದಿ ಪೈರು ನಿಂತೇ ಇತ್ತಂತೆ. ಇದನ್ನು ಹೇಳಿದವನು ಮಾವನಲ್ಲ, ಕುಮಟೆ ಸಂತೆಯಲ್ಲಿ ಸಿಕ್ಕಿದ ಅದೇ ಗೌಡ. ಮಾವನ ಕಾರ್ಡುಗಳು ನಿಂತುಹೋಗಿದ್ದವು.

ಕೊಯ್ಲಾಗಿ ಮೂರು ವಾರದ ಮೇಲೆ ಹೋದೆ. ದಾರಿಯುದ್ದಕ್ಕೂ ನೆಪ ಜೋಡಿಸಿಕೊಂಡಿದ್ದೆ, ಒಂದೂ ಖರ್ಚಾಗಲಿಲ್ಲ. ಗದ್ದೆಯಲ್ಲಿ ಬರೀ ಕೂಳೆ. ಯಾಕೆ ಬರಲಿಲ್ಲ ಎಂದು ಮಾವ ಕೇಳಲೇ ಇಲ್ಲ. ಕೈಕಾಲು ತೊಳೆದು ಬರುವಷ್ಟರಲ್ಲಿ ಎರಡು ಎಲೆ ಹಾಕಿದ್ದ. ಒಲೆಯ ಹತ್ತಿರ ಅಂಗಡಿಯ ಹಳೇ ಅಕ್ಕಿಯ ಡಬ್ಬಿ. ಹೊಸ ಅಕ್ಕಿಯ ಮುಡಿ ಅಂದೇ ಬಿಚ್ಚಿದ್ದು, ಹುಲ್ಲಿನ ಹಗ್ಗ ಇನ್ನೂ ಅಲ್ಲೇ ಬಿದ್ದಿತ್ತು.

ಮೂರು ವಾರ ಮನೆಯಲ್ಲಿ ತನ್ನದೇ ಭತ್ತವಿದ್ದೂ ಅಂಗಡಿ ಅಕ್ಕಿ ಯಾಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ ನನಗೇ ಹೊಳೆಯಿತು. ನಮ್ಮ ಕಡೆ ವರ್ಷದ ಹೊಸ ಅಕ್ಕಿಯ ಮೊದಲ ತುತ್ತನ್ನು ಪಂಕ್ತಿಯಲ್ಲಿದ್ದವರ ಒಪ್ಪಿಗೆ ಕೇಳದೆ ಬಾಯಿಗೆ ಇಡುವುದಿಲ್ಲ. ಕೇಳುವುದಕ್ಕೆ ಮನೆಯಲ್ಲಿ ಇನ್ನೊಬ್ಬರು ಇರಬೇಕು.

ಮಾವ ಬಿಸಿ ಅನ್ನದ ತುತ್ತು ಕಲಸಿ, ಕೈ ಎಲೆಯ ಮೇಲೇ ತಡೆದು ನನ್ನ ಮುಖ ನೋಡಿದ. ಸಾರಜನಕದ ಸುದ್ದಿಯೇ ಇಲ್ಲ.

"ಹೊಸ್ತು ಉಣ್ಲಾ?" ಎಂದ, ತನಗಿಂತ ಮೂವತ್ತು ವರ್ಷ ಸಣ್ಣವನಾದ ನನ್ನ ಹತ್ತಿರ.

"ಉಣ್ಣು ಮಾವ" ಎಂದೆ. ಇಷ್ಟು ಮಾತ್ರ ನಾನು ಡೈರಿ ನೋಡದೆ ಹೇಳಬಲ್ಲೆ.