ಬ್ರೇಕ್ ಮೇಷ್ಟ್ರೂ ದಾರಿ ತೋರುವ ನಾಯಿಮರಿಯೂ

ನಾಯಿಮರಿ ಬೇಕೇ ಬೇಕು ಎಂದು ಬ್ರೇಕ್ ಮೇಷ್ಟ್ರು ಹಠ ಹಿಡಿದು ಕೂತರು. ಮಕ್ಕಳು ಹಿಡಿಯಬೇಕಾದ ಹಠ ಅದು. ಆದರೆ ಅವರ ಮಕ್ಕಳಿಗೆ ಬುದ್ಧಿ ಬಂದು, ಆ ಖಾತೆಯನ್ನು ಅಪ್ಪನಿಗೇ ವಹಿಸಿಕೊಟ್ಟಿದ್ದರು.

ಮೇಷ್ಟ್ರು ಕಾರು ಕಲಿಸುವವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಎರಡನೇ ಬ್ರೇಕನ್ನು ತುಳಿದೂ ತುಳಿದೂ ಅವರ ಬಲಗಾಲು ಯಾರ ಮಾತೂ ಕೇಳದಂತಾಗಿತ್ತು. ಸೋಫಾದಲ್ಲಿ ಕೂತಿದ್ದಾಗ ಯಾರಾದರೂ ಟೀವಿಗೆ ಅಡ್ಡ ಬಂದರೂ ಕಾಲು ಧಡ್ ಎಂದು ನೆಲಕ್ಕೆ ಬಡಿಯುತ್ತಿತ್ತು. (ಕೆಳಗಿನ ಮನೆಯವರು ಮಾತು ಬಿಟ್ಟದ್ದು ಇದೇ ಕಾರಣಕ್ಕೆ.)

ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ಸೇವಾಸಂಸ್ಥೆಯೊಂದು, ಮರಿಗಳನ್ನು ಒಂದು ವರ್ಷ ಮನೆಯಲ್ಲಿಟ್ಟು ಸಾಕಿಕೊಡುವವರನ್ನು ಹುಡುಕುತ್ತಿತ್ತು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರು ಕುಣಿದಾಡಿಬಿಟ್ಟರು.

"ಊರಿಗೆಲ್ಲ ರಸ್ತೆ ಕಲಿಸಿದೋನು ನಾನು! ಒಂದು ಮರಿಗೆ ಕಲಿಸೋಕಾಗಲ್ವಾ?"

"ಕಲಿಸ್ತೀರಿ. ಮನೆಯೆಲ್ಲ ಒದ್ದೆ ಮಾಡಿದ್ರೆ ಒರೆಸೋರು ಯಾರು?" ಎಂದರು ಹೆಂಡತಿ.

"ನಾನೇ!"

"ಕುಡಿದ ಲೋಟ ಎತ್ತಿಡಲ್ಲ ನೀವು. ಹೋಗ್ಲಿ, ವರ್ಷ ಆದ್ಮೇಲೆ ಮರಿ ವಾಪಸ್ ಕೊಡ್ಬೇಕಲ್ಲ, ಆಗ ನಿಮ್ಮ ಕಣ್ಣು ಒರೆಸೋರು ಯಾರು?"

ಆದರೆ ತಮ್ಮ ಮನೆಯಲ್ಲಿ ಬೆಳೆದ ಜೀವವೊಂದು ನಾಳೆ ಯಾರನ್ನೋ ಕೈಹಿಡಿದು ನಡೆಸುತ್ತದೆ ಎಂದು ನೆನೆದರೇ ಮೇಷ್ಟ್ರಿಗೆ ಸಂತೋಷದಿಂದ ಊಟ ಸೇರುತ್ತಿರಲಿಲ್ಲ.

ಭಾನುವಾರ ಸಂಸ್ಥೆಯ ತರಬೇತುಗಾರ್ತಿ ಬಂದರು. ಜೊತೆಗೆ ಪಳಗಿದ ದೊಡ್ಡ ಹೆಣ್ಣು ನಾಯಿ. ಅದರ ಮುಖದಲ್ಲಿ ಹೆಡ್‌ಮಿಸ್ಸಿನ ಗಾಂಭೀರ್ಯ.

"ಮರಿ ಕೊಡೋ ಮೊದಲು ಸಾಕೋರಿಗೆ ಪರೀಕ್ಷೆ. ಕಣ್ಣಿಗೆ ಬಟ್ಟೆ ಕಟ್ಕೊಂಡು ಇವಳ ಜೊತೆ ಬೀದಿ ಕೊನೆವರೆಗೂ ನಡೀಬೇಕು. ಇವಳನ್ನ ನಂಬಿದ್ರೆ ಸಾಕು, ಬೇರೇನೂ ಮಾಡ್ಬೇಡಿ. ನಂಬೋಕೆ ಆಗದೋರಿಗೆ ಮರಿ ಕೊಡಲ್ಲ."

"ನನಗೇ ಪರೀಕ್ಷೆಯಾ!" ಎಂದು ನಗುತ್ತಾ ಮೇಷ್ಟ್ರು ಬಟ್ಟೆ ಕಟ್ಟಿಸಿಕೊಂಡರು. ಅವರ ಶಿಷ್ಯಕೋಟಿ ಗೇಟಿನ ಬಳಿ ನೆರೆದಿತ್ತು.

ನಾಯಿ ಹೊರಟಿತು. ಎರಡು ಹೆಜ್ಜೆ ಇಟ್ಟಿತ್ತೋ ಇಲ್ಲವೋ, ಎಲ್ಲೋ ಸೈಕಲ್ ಬೆಲ್ ಕೇಳಿ ಮೇಷ್ಟ್ರ ಬಲಗಾಲು ಧಡ್ ಎಂದಿತು. ಕೈಯಲ್ಲಿ ಹಿಡಿದ ನಾಯಿಯ ಪಟ್ಟಿ ಜಗ್ಗಿ ನಾಯಿ ನಿಂತಿತು. ಮತ್ತೆ ಹೊರಟಿತು, ಮತ್ತೆ ಧಡ್. "ಎಡಕ್ಕೆ, ಎಡಕ್ಕೆ! ಹಾರನ್ ಕೇಳಿಸ್ಲಿಲ್ವಾ?" ಎಂದು ಬಾಯಿ ಬೇರೆ ಶುರುವಾಯಿತು. ಹೀಗೆ ಪಾಠ ಮಾಡಿಕೊಂಡೇ ಸಾಗುವಾಗ ನಾಯಿ ತಾನಾಗಿಯೇ ಗಕ್ಕನೆ ನಿಂತುಬಿಟ್ಟಿತು.

"ಹೋಗು!" ಎಂದರು ಮೇಷ್ಟ್ರು. ನಾಯಿ ಕದಲಲಿಲ್ಲ. "ಫಸ್ಟ್ ಗೇರ್ ಹಾಕಮ್ಮಾ!" ನಾಯಿ ಅವರ ಮೊಣಕಾಲಿಗೆ ಅಡ್ಡಲಾಗಿ ನಿಂತಿತು.

"ಮೇಡಂ, ಇದರ ಕ್ಲಚ್ಚೇ ಸರಿಯಿಲ್ಲ!" ಎನ್ನುತ್ತಾ ಮೇಷ್ಟ್ರು ಬಟ್ಟೆ ಕಿತ್ತೆಸೆದರು.

ಎದುರಿಗೆ ನೀರಿನ ಪೈಪಿಗಾಗಿ ಬೆಳಿಗ್ಗೆಯಷ್ಟೇ ತೋಡಿದ ಗುಂಡಿ. ಒಳಗಿನಿಂದ ಪ್ಲಂಬರ್ ತಲೆಯೆತ್ತಿ ನೋಡಿದ. ಅವನೂ ಮೇಷ್ಟ್ರ ಹಳೆಯ ಶಿಷ್ಯನೇ.

"ನಮಸ್ಕಾರ ಮೇಷ್ಟ್ರೇ. ಇಳೀಬೇಡಿ, ಇಬ್ಬರಿಗೆ ಜಾಗ ಇಲ್ಲ" ಎಂದ.

ಶಿಷ್ಯಕೋಟಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರು ನಾಯಿಯ ಮುಖ ನೋಡಲಾರದೆ ಆಕಾಶ ನೋಡಿದರು. ಮರಿ ಕೈತಪ್ಪಿತಲ್ಲ ಎಂದು, ಕಿತ್ತೆಸೆದ ಬಟ್ಟೆಯನ್ನು ಹೆಕ್ಕಿ ಮಡಿಸತೊಡಗಿದರು.

ಅದನ್ನು ನೋಡಲಾಗದೆ ಹೆಂಡತಿ ಮುಂದೆ ಬಂದರು. "ಕೊಡಿ ಇಲ್ಲಿ, ನಾನು ನೋಡ್ತೀನಿ" ಎಂದು ಕಣ್ಣು ಕಟ್ಟಿಸಿಕೊಂಡು, ಸೆರಗು ಸಿಕ್ಕಿಸಿ, ನಾಯಿಯ ಹಿಂದೆ ಹೊರಟೇಬಿಟ್ಟರು. ಗುಂಡಿ ಬಳಸಿ, ನಿಂತ ಸ್ಕೂಟರ್‌ಗಳ ನಡುವೆ ನುಸುಳಿ, ಬೀದಿ ಕೊನೆ ಮುಟ್ಟಿ ವಾಪಸು ಬಂದಾಗ ಆಕೆಯ ಮುಖ ಹುಡುಗಿಯರ ಹಾಗೆ ಕೆಂಪಾಗಿತ್ತು.

"ಅಯ್ಯೋ, ಏನು ಮಜಾ ರೀ! ಈ ಮನೆಗೆ ಬಂದಾಗಿನಿಂದ ಯಾರೂ ನನ್ನನ್ನ ಬಯ್ಯದೆ ರಸ್ತೆ ದಾಟಿಸಿರ್ಲಿಲ್ಲ!"

ಮುಂದಿನ ಭಾನುವಾರ ತರಬೇತುಗಾರ್ತಿಯ ಜೊತೆ ಮರಿ ಬಂತು, ಹೆಂಡತಿಯ ಸುಪರ್ದಿಗೆ. ನುಣುಪು ನೆಲದ ಮೇಲೆ ಜಾರುತ್ತಾ, ಚಪ್ಪಲಿ ಕಚ್ಚುತ್ತಾ ಮನೆಯೆಲ್ಲ ಓಡಾಡಿತು. ಅದರ ಹಿಂದೆಯೇ ಮೇಷ್ಟ್ರೂ ಎರಡೂ ಕೈ ಚಾಚಿಕೊಂಡು, ಚಿನ್ನ, ಬಂಗಾರ ಎಂದು ಕೂಗುತ್ತಾ ಓಡಿದರು. ಹೆಂಡತಿ ಬೆರಳೆತ್ತಿ, ತರಬೇತುಗಾರ್ತಿ ಹೇಳಿಕೊಟ್ಟ ಹಾಗೆಯೇ ಗಟ್ಟಿದನಿಯಲ್ಲಿ ಅಪ್ಪಣೆ ಮಾಡಿದರು:

"ಕೂತ್ಕೋ!"

ಮೇಷ್ಟ್ರು ದೊಪ್ಪನೆ ಸೋಫಾದಲ್ಲಿ ಕೂತರು. ಮರಿ ನಿಂತೇ ಇತ್ತು, ಬಾಲ ಅಲ್ಲಾಡಿಸುತ್ತಾ.

ತರಬೇತುಗಾರ್ತಿ ಮೊದಲ ಸಲ ನಕ್ಕರು. "ಪರವಾಗಿಲ್ಲಮ್ಮಾ, ಒಬ್ಬರು ಆಗ್ಲೇ ಕಲಿತುಬಿಟ್ಟಿದ್ದಾರೆ. ಇನ್ನು ಮರಿ ಒಂದು ಬಾಕಿ."